ಪದ ಪರಿಚಯ: ದ್ಯುತಿವೇಗವರ್ಧಕ

ದ್ಯುತಿ + ವೇಗ + ವರ್ಧಕ. ಸಂಸ್ಕೃತದ ‘ದ್ಯುತ್’ ಎಂದರೆ ಹೊಳೆ, ಬೆಳಗು. ‘ವಿದ್ಯುತ್’ ಕೂಡ ಇದೇ ಧಾತುವಿನದು. ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು ವೇಗವರ್ಧಕ. ಕೆಲವರು ಕ್ರಿಯಾವರ್ಧಕ ಎಂದೂ ಬರೆಯುತ್ತಾರೆ. ಆ ಕೆಲಸಕ್ಕೆ ಬೆಳಕು ಬೇಕಾದರೆ ಅದು ದ್ಯುತಿವೇಗವರ್ಧಕ.

ಹೆಸರುವಾಸಿಯಾದ ಟೈಟೇನಿಯಂ ಡೈಆಕ್ಸೈಡ್‌ಗೆ ಅತಿನೇರಳೆ ಕಿರಣವೇ ಬೇಕು. ಬಿಸಿಲಿನಲ್ಲಿ ಅದರ ಪಾಲು ತೀರಾ ಕಡಿಮೆ. ಕಾರ್ಬನ್ ನೈಟ್ರೈಡ್ ಎಂಬ ಪಾಲಿಮರ್ ಕಣ್ಣಿಗೆ ಕಾಣುವ ಬೆಳಕಿನಲ್ಲೂ ಕೆಲಸ ಮಾಡುತ್ತದೆಂದು 2009ರಲ್ಲಿ ವರದಿಯಾಯಿತು. ರೈತರು ಹೊಲಕ್ಕೆ ಎರಚುವ ಯೂರಿಯಾವನ್ನೇ ಮುಚ್ಚಿದ ಮೂಸೆಯಲ್ಲಿ ಸುಮಾರು 550 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಈ ತಿಳಿಹಳದಿ ಪುಡಿ ಸಿಗುತ್ತದೆ. ಬೆಳಕು ಬಿದ್ದಾಗ ಅದರಲ್ಲಿ ಎಲೆಕ್ಟ್ರಾನುಗಳು ಕದಲಿ, ನೀರಿನಲ್ಲಿ ಕರಗಿದ ಆಮ್ಲಜನಕ ಚುರುಕಾಗಿ, ಬಣ್ಣ, ಕೀಟನಾಶಕಗಳ ಅಣುಗಳನ್ನು ಒಡೆಯುತ್ತದೆ.

ಬಳಕೆ: “ದ್ಯುತಿವೇಗವರ್ಧಕ ಬೆರೆಸಿ ಬಿಸಿಲಿಗಿಟ್ಟ ಬಣ್ಣದ ನೀರು ತಿಳಿಯಾಯಿತು.”

ಎಚ್ಚರಿಕೆ: ಇದನ್ನು ‘ಶೋಧಕ’ ಎನ್ನಬಾರದು. ಶೋಧಕ ಕೊಳೆಯನ್ನು ತಡೆಹಿಡಿಯುತ್ತದೆ, ಇದು ಒಡೆಯುತ್ತದೆ. ತುಮಕೂರು ಜಿಲ್ಲೆಯ ಹಲವು ಕೊಳವೆಬಾವಿಗಳನ್ನು ಕಾಡುವ ಫ್ಲೋರೈಡ್‌ಗೆ ಇದು ಮದ್ದಲ್ಲ. ಅದರಲ್ಲಿ ಒಡೆಯಲು ಏನೂ ಇಲ್ಲ, ನೀರಿನಿಂದ ಬೇರ್ಪಡಿಸಿಯೇ ತೆಗೆಯಬೇಕು.