ಭಾರಕ್ಕೆ ಮನುಷ್ಯ ಬೇಡ

ಹೊಲದ ಕೆಲಸಕ್ಕೆ ಬಲ ಎಷ್ಟು ಬೇಕೋ ಭಾರವೂ ಅಷ್ಟೇ ಬೇಕು. ಎತ್ತು ಎಷ್ಟೇ ಗಟ್ಟಿಯಾಗಿದ್ದರೂ ಹಗುರಾದ ಕುಂಟೆ ಎರೆನೆಲದ ಮೇಲೆ ಸುಮ್ಮನೆ ಜಾರಿಕೊಂಡು ಹೋಗುತ್ತದೆ, ಕುಡ ಮಣ್ಣಿಗೆ ಇಳಿಯುವುದಿಲ್ಲ. ಹೀಗಾಗಿ ಒಕ್ಕಲುತನದ ಚರಿತ್ರೆಯಲ್ಲಿ ಭಾರದ್ದೇ ಒಂದು ಕಥೆಯಿದೆ. ಬೀಜ, ನೀರು, ದರ ಇವುಗಳ ಬಗ್ಗೆ ಬರೆದವರು ಬಹಳ; ಭಾರದ ಬಗ್ಗೆ ಬರೆದವರನ್ನು ನಾನು ಕಂಡಿಲ್ಲ. ಗಡಹಿಂಗ್ಲಜ ತಾಲ್ಲೂಕಿನ ನೂಲದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡು, ಮೊದಲು ಕುಂಟೆ ಕೂರಿಗೆ, ಆಮೇಲೆ ಕಬ್ಬಿನ ಟ್ರಾಲಿ, ಈಗ ಚಿಕ್ಕ ಟ್ರಾಕ್ಟರಿನ ಲೋಡರ್ ರಿಪೇರಿ ಮಾಡುತ್ತ ಬಂದವನು ನಾನು. ಆ ಕಥೆ ಹೇಳುವ ಹೊಣೆ ನನ್ನ ಮೇಲಿದೆ ಅನ್ನಿಸುತ್ತದೆ. ಯಾಕೆಂದರೆ ಕಥೆಯ ಉದ್ದಕ್ಕೂ ನಾವು ಭಾರಕ್ಕೆಂದು ಬಳಸಿದ್ದು ಕಲ್ಲಿಗಿಂತ ಹೆಚ್ಚಾಗಿ ಮನುಷ್ಯರನ್ನು, ಅದರಲ್ಲೂ ಮಕ್ಕಳನ್ನು.

ಎತ್ತಿನ ಕಾಲದಲ್ಲಿ ನಮ್ಮೂರ ಯಾವ ಹುಡುಗನನ್ನು ಕೇಳಿದರೂ ಕುಂಟೆಯ ಮೇಲೆ ನಿಂತ ನೆನಪಿತ್ತು. ಜಾಲಿಯ ದಿಂಡಿನ ಮೇಲೆ ಎರಡು ಬರಿಗಾಲು ಅಗಲಿಸಿ ಊರಿ, ಮೇಳಿ ಹಿಡಿದು ನಿಲ್ಲಬೇಕು. "ಹತ್ತಲೇ ಮಗಾ, ಕುಡ ಏಳಾಕ ಹತ್ತೇತಿ" ಎಂದು ಅಪ್ಪ ಕೂಗಿದರೆ ಹತ್ತುವುದು, ಕುಡಕ್ಕೆ ಕರಿಕೆ ಬೇರು ಸಿಕ್ಕಿಕೊಂಡರೆ ತಟ್ಟನೆ ಜಿಗಿದು ಇಳಿಯುವುದು. ಚಪ್ಪಟೆ ಕಲ್ಲನ್ನು ಹಗ್ಗದಿಂದ ಬಿಗಿಯುವ ರೂಢಿಯೂ ಇತ್ತು. ಆದರೆ ಕಲ್ಲು ಬೇಕಾದಾಗ ಹತ್ತಿ ಬೇಡವಾದಾಗ ಇಳಿಯುವುದಿಲ್ಲ, ಹುಡುಗ ಹತ್ತಿ ಇಳಿಯುತ್ತಾನೆ. ಅದಕ್ಕೇ ಕಲ್ಲಿಗಿಂತ ಹುಡುಗ ವಾಸಿ ಎನಿಸಿದ್ದು. ಹೆಂಟೆ ಒಡೆಯುವ ಹಲಗೆಯ ಮೇಲೆ ಇಬ್ಬಿಬ್ಬರು ಮಕ್ಕಳು ಕೂತು ಹೋಗುವುದನ್ನು ಆಟವೆಂದೇ ಎಲ್ಲರೂ ತಿಳಿದಿದ್ದರು. ಕಾಲು ಜಾರಿದರೆ ಕುಡ ಇರುವುದು ಪಾದದ ಬುಡದಲ್ಲೇ ಎಂಬುದು ತಾಯಂದಿರಿಗೆ ಮಾತ್ರ ನೆನಪಿರುತ್ತಿತ್ತು.

ನೀರೆತ್ತುವಾಗಲೂ ಇದೇ ಲೆಕ್ಕ. ಕಪಿಲೆ, ನಮ್ಮ ಕಡೆಯವರು ಮೋಟ ಎನ್ನುವುದು, ಎತ್ತುಗಳು ಬಾವಿಯಿಂದ ಇಳಿಜಾರಿಗೆ ನಡೆದಾಗ ಮೇಲೆ ಬರುತ್ತದೆ. ತುಂಬಿದ ತೊಗಲಚೀಲ ಎದ್ದು ಬರುವ ಹೊತ್ತಿಗೆ ಹೊಡೆಯುವವನು ಬಿಗಿದ ಹಗ್ಗದ ಮೇಲೆ ಹತ್ತಿ ಕೂರುತ್ತಿದ್ದ. ಅವನ ಮೈಭಾರ ಎತ್ತಿನ ಎಳೆತಕ್ಕೆ ಕೂಡುತ್ತಿತ್ತು. ದಂಡೆಯ ಕೆಳಗೆ ಇಳಿದು ಮತ್ತೆ ಹಿಂದಕ್ಕೆ ನಡೆಸಿಕೊಂಡು ಬಂದು, ಬೆಳಗಿನಿಂದ ಬಿಸಿಲೇರುವತನಕ ಅದನ್ನೇ ಮಾಡುತ್ತಿದ್ದ.

ಗಾಡಿ ಹೂಡುವವರಿಗಂತೂ ಭಾರದ ಜಾಗವೇ ವಿದ್ಯೆ. ಹೊರೆ ಅಚ್ಚಿನ ಮುಂದಕ್ಕೆ ಬಿದ್ದರೆ ಎತ್ತಿನ ಹೆಗಲು ಕುಸಿಯುತ್ತದೆ. ಹಿಂದಕ್ಕೆ ಬಿದ್ದರೆ ನೊಗ ಮೇಲೆದ್ದು ಕೊರಳಪಟ್ಟಿ ಎತ್ತಿನ ಗಂಟಲಿಗೆ ಬಿಗಿಯುತ್ತದೆ. ಏರು ಬಂದರೆ ಗಾಡಿಯವನು ಮೂಕಿಯ ಮೇಲೆ ಮುಂದೆ ಸರಿಯುತ್ತಿದ್ದ, ಇಳುಕಲು ಬಂದರೆ ಹಿಂದೆ. ಎಷ್ಟು ಭಾರ ಎನ್ನುವುದಕ್ಕಿಂತ ಅಚ್ಚಿನಿಂದ ಎಷ್ಟು ದೂರ ಎನ್ನುವುದೇ ಮುಖ್ಯ ಎಂಬುದನ್ನು ಶಾಲೆಯ ಮೆಟ್ಟಿಲು ಹತ್ತದವರೂ ಬಲ್ಲವರಾಗಿದ್ದರು. ಲೋಡರಿನ ಇಡೀ ಶಾಸ್ತ್ರ ಇದರ ಮೇಲೆಯೇ ನಿಂತಿದೆ.

ಭಾರವನ್ನು ಮನುಷ್ಯನ ಮೈಯಿಂದ ಬಿಡಿಸಿ ಉಪಕರಣದೊಳಗೆ ಇಟ್ಟವರಲ್ಲಿ ನಮ್ಮ ಸೀಮೆಗೆ ಮೊದಲಿಗರು ಲಕ್ಷ್ಮಣರಾವ್ ಕಿರ್ಲೋಸ್ಕರ್. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದವರು, ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿಯಿಂದ ಶುರು ಮಾಡಿ, 1903ರಲ್ಲಿ ಕಬ್ಬಿಣದ ನೇಗಿಲು ತಂದರು. ಕಬ್ಬಿಣ ತಗುಲಿದರೆ ನೆಲಕ್ಕೆ ವಿಷವಾಗುತ್ತದೆ ಎಂದು ನಂಬಿದ್ದ ರೈತರು ಮೊದಮೊದಲು ಮುಟ್ಟಲಿಲ್ಲ. 1910ರಲ್ಲಿ ಔಂಧ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿ ಎದ್ದ ಮೇಲೆ ಅದೇ ನೇಗಿಲು ಕೊಲ್ಲಾಪುರ, ಸಾಂಗಲಿ, ಬೆಳಗಾವಿಯ ಎರೆನೆಲಗಳಲ್ಲಿ ಮನೆಮಾತಾಯಿತು. ಅದರ ಎರಕದ ಭಾರ ಒಂದು, ಮೊನೆಯ ಓರೆ ಇನ್ನೊಂದು; ಎರಡೂ ಸೇರಿ ನೇಗಿಲು ತಾನೇ ಮಣ್ಣಿಗಿಳಿಯುತ್ತಿತ್ತು. ಮೇಲೆ ಯಾರೂ ನಿಲ್ಲಬೇಕಿರಲಿಲ್ಲ.

ಟ್ರಾಕ್ಟರು ಬಂದಾಗ ಪ್ರಶ್ನೆ ಮತ್ತೆ ಹೊಸದಾಯಿತು. ಹಳೆಯ ಟ್ರಾಕ್ಟರಿಗೆ ಉಕ್ಕಿನ ಗಾಲಿ, ಭಾರಕ್ಕೆ ಬರವಿರಲಿಲ್ಲ. 1932ರಲ್ಲಿ ಅಮೆರಿಕದ ಆಲಿಸ್-ಚಾಮರ್ಸ್ ಕಂಪನಿ ತನ್ನ ಟ್ರಾಕ್ಟರಿಗೆ ಫೈರ್‌ಸ್ಟೋನಿನ ಗಾಳಿ ತುಂಬಿದ ರಬ್ಬರ್ ಟೈರ್ ಹಾಕಿತು. ಓಟ ಮೆತ್ತಗಾಯಿತು, ಆದರೆ ಗಾಲಿ ಹಗುರಾಗಿ ನೆಲದ ಹಿಡಿತ ಕಡಿಮೆಯಾಯಿತು. ಟೈರಿನೊಳಗೆ ನೀರು ತುಂಬುವುದು, ಗಾಲಿಗೆ ಬೀಡಿನ ಚಕ್ರ ಬಿಗಿಯುವುದು ರೂಢಿಗೆ ಬಂದದ್ದು ಆ ಕೊರತೆ ನೀಗಿಸಲು. ಇತ್ತ ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್ ಇನ್ನೊಂದು ದಾರಿ ಹಿಡಿದ. ನೇಗಿಲು ಕಲ್ಲಿಗೆ ಸಿಕ್ಕಿಕೊಂಡಾಗ ಫೋರ್ಡ್‌ಸನ್ ಟ್ರಾಕ್ಟರುಗಳು ಮುಂಗಾಲೆತ್ತಿ ಚಾಲಕನ ಮೇಲೆಯೇ ಮಗುಚುತ್ತಿದ್ದ ಕಾಲ ಅದು. ಮೂರು ಕೊಂಡಿ ಮತ್ತು ಹೈಡ್ರಾಲಿಕ್ಕಿನಿಂದ ನೇಗಿಲನ್ನು ಟ್ರಾಕ್ಟರಿನ ಮೈಗೇ ಕೂಡಿಸಿ, ನೆಲದ ಎಳೆತವೇ ಹಿಂಗಾಲಿಯ ಮೇಲೆ ಭಾರವಾಗಿ ಬೀಳುವಂತೆ, ಮುಂಗಾಲಿ ಏಳದಂತೆ ಅವನು ಮಾಡಿದ. 1960ರಲ್ಲಿ ಹುಟ್ಟಿದ ಮದ್ರಾಸಿನ ಟಾಫೆ ಮ್ಯಾಸಿ ಫರ್ಗ್ಯೂಸನ್ ಟ್ರಾಕ್ಟರು ಮಾಡತೊಡಗಿತು. ಇವತ್ತು ನಮ್ಮೂರಿನ ಯಾವ ಟ್ರಾಕ್ಟರಿನ ಹಿಂದೆ ನೋಡಿದರೂ ಅದೇ ಮೂರು ಕೊಂಡಿ.

ಹಿರಣ್ಯಕೇಶಿ ನದಿಯ ನೀರು ಹರಿದಲ್ಲೆಲ್ಲ ಕಬ್ಬು ಬಂತು. ಗಡಿಯಾಚೆ ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆ, ಈಚೆ ಹರಳಿಯಲ್ಲಿ ಗಡಹಿಂಗ್ಲಜ ತಾಲ್ಲೂಕಿನ ಕಾರ್ಖಾನೆ. ಹಂಗಾಮಿನಲ್ಲಿ ಒಂದು ಟ್ರಾಕ್ಟರಿಗೆ ಎರಡೆರಡು ಟ್ರಾಲಿ. ಹೊಲದ ಹಸಿನೆಲದಿಂದ ರಸ್ತೆಗೆ ಹತ್ತುವ ಏರಿನಲ್ಲಿ ಟ್ರಾಲಿ ಹಿಂದಕ್ಕೆ ಜಗ್ಗುತ್ತದೆ, ಮುಂಗಾಲಿ ಎರಡೂ ಗಾಳಿಗೆ ಏಳುತ್ತವೆ, ಸ್ಟೇರಿಂಗ್ ತಿರುಗಿಸಿದರೂ ಟ್ರಾಕ್ಟರು ತಿರುಗುವುದಿಲ್ಲ. ಆಗ ಏನು ಮಾಡುತ್ತಿದ್ದರು? ಕಬ್ಬು ಕಡಿಯುವ ಗ್ಯಾಂಗಿನ ನಾಲ್ಕು ಹುಡುಗರು ಓಡಿ ಬಂದು ಬಂಪರಿನ ಮೇಲೆ ಹತ್ತಿ ನಿಲ್ಲುತ್ತಿದ್ದರು. ಕುಂಟೆಯ ಮೇಲಿನ ಹುಡುಗನೇ ಇಲ್ಲಿ ಟ್ರಾಕ್ಟರಿನ ಮುಂದೆ ಬಂದು ನಿಂತಿದ್ದ. ಮೇಲೆದ್ದ ಮುಂಗಾಲಿ ದಪ್ಪನೆ ಇಳಿದಾಗ ಅವರು ಎಲ್ಲಿ ಬೀಳುತ್ತಾರೆ? ಅದೇ ಗಾಲಿಗಳ ಮುಂದೆ.

ನಮ್ಮ ಪುಣ್ಯ, ಎರಕದ ಊರು ದೂರವಿಲ್ಲ. ಕೊಲ್ಲಾಪುರದ ಶಿರೋಲಿ, ಗೋಕುಳ ಶಿರಗಾಂವ ಫೌಂಡ್ರಿಗಳಿಗೆ ಹೆಸರಾದವು. "ಕಾಕಾ, ಮುಂದ ಗುಂಡ ಕೂಡಿಸಿ ಕೊಡ್ರಿ" ಎಂದು ಬಂದವರಿಗೆಲ್ಲ ಬೀಡಿನ ಗುಂಡು ಬಿಗಿದು ಕೊಟ್ಟಿದ್ದೇನೆ. ಟ್ರಾಲಿಯ ಕೊಂಡಿಯನ್ನು ಅಚ್ಚಿಗಿಂತ ಮೇಲೆ ಕಟ್ಟಬೇಡ, ಕಟ್ಟಿದರೆ ಯಾವ ಗುಂಡೂ ನಿನ್ನನ್ನು ಉಳಿಸದು ಎಂದು ಪ್ರತಿಯೊಬ್ಬರಿಗೂ ಹೇಳಿದ್ದೇನೆ.

ಈಗ ಚಿಕ್ಕ ಟ್ರಾಕ್ಟರುಗಳ ಕಾಲ. ಪಾಲಾಗಿ ಸಣ್ಣದಾದ ಹೊಲಕ್ಕೆ, ಕಬ್ಬಿನ ಸಾಲಿನ ನಡುವೆ ಹೋಗಲಿಕ್ಕೆ ಹದಿನೈದು ಇಪ್ಪತ್ತು ಅಶ್ವಶಕ್ತಿಯದು ಸಾಕು. ಅದಕ್ಕೇ ಮುಂದೆ ಲೋಡರ್ ಕೂಡಿಸಿ ತಿಪ್ಪೆಗೊಬ್ಬರ, ಉಸುಕು, ಮಣ್ಣು ಎತ್ತುತ್ತಾರೆ. ಬುಟ್ಟಿ ಹೊತ್ತು ಸೊಂಟ ಮುರಿದುಕೊಂಡ ಹೆಣ್ಣುಮಕ್ಕಳಿಗೆ ಅದು ದೊಡ್ಡ ಬಿಡುಗಡೆ. ಲೋಡರ್ ಬೇಡ ಎನ್ನುವವನು ನಾನಲ್ಲ. ಆದರೆ ಇಲ್ಲಿ ಅಪಾಯ ತಿರುವುಮುರುವಾಗಿದೆ. ಟ್ರಾಲಿ ಮುಂಗಾಲಿ ಎತ್ತುತ್ತಿತ್ತು, ಲೋಡರ್ ಹಿಂಗಾಲಿ ಎತ್ತುತ್ತದೆ.

ಲೆಕ್ಕ ಹಾಕಿ ನೋಡಿ. 800 ಕಿಲೋದ ಟ್ರಾಕ್ಟರು, ಮುಂದಿನ ಅಚ್ಚಿನ ಮೇಲೆ 320, ಹಿಂದಿನದರ ಮೇಲೆ 480 ಎಂದಿಟ್ಟುಕೊಳ್ಳಿ. ಎರಡು ಅಚ್ಚಿನ ನಡುವೆ 5 ಅಡಿ. ಮುಂದಿನ ಅಚ್ಚಿನಿಂದ 4 ಅಡಿ ಮುಂದೆ ಬಕೆಟ್ಟಿನಲ್ಲಿ 250 ಕಿಲೋ ಗೊಬ್ಬರ. ಹಿಂದಿನ ಅಚ್ಚಿನಿಂದ 200 ಕಿಲೋ ಮೇಲೆದ್ದು 280 ಉಳಿಯುತ್ತದೆ, ಮುಂದಿನದರ ಮೇಲೆ 770 ಬೀಳುತ್ತದೆ. ಇದರಲ್ಲಿ ಲೋಡರಿನ ತೋಳುಗಳ ಭಾರ ಹಿಡಿದಿಲ್ಲ, ಇಳುಕಲು ಹಿಡಿದಿಲ್ಲ, ಗಕ್ಕನೆ ಬ್ರೇಕ್ ಒತ್ತುವುದನ್ನೂ ಹಿಡಿದಿಲ್ಲ. ಬ್ರೇಕ್ ಇರುವುದು ಹಿಂಗಾಲಿಗೆ ಮಾತ್ರ. ಅವು ನೆಲ ಬಿಟ್ಟರೆ ಬ್ರೇಕೂ ಹೋಯಿತು. ಬಕೆಟ್ ಮೇಲೆತ್ತಿಕೊಂಡು ಬದುವಿನ ಬದಿ ತಿರುಗಿದರೆ ಟ್ರಾಕ್ಟರು ಮಗ್ಗುಲಿಗೆ ಉರುಳುತ್ತದೆ.

ಹಿಂಗಾಲಿಗೆ ನೀರು ತುಂಬುವುದು ಸುಲಭದ ದಾರಿ. ಗಾಲಿಯನ್ನು ಜಾಕ್ ಮೇಲೆತ್ತಿ, ವಾಲ್ವು ಮೇಲ್ತುದಿಗೆ ಬರುವಂತೆ ತಿರುಗಿಸಿ, ನೀರು ವಾಲ್ವಿನ ಮಟ್ಟಕ್ಕೆ ಬರುವತನಕ ಬಿಟ್ಟರೆ ಮುಕ್ಕಾಲು ಭಾಗ ತುಂಬಿರುತ್ತದೆ, ಉಳಿದ ಕಾಲು ಭಾಗಕ್ಕೆ ಗಾಳಿ. ಹಿಮ ಬೀಳುವ ದೇಶದವರು ನೀರು ಹೆಪ್ಪುಗಟ್ಟದಂತೆ ಅದಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ, ನಮಗೆ ಬಾವಿಯ ನೀರೇ ಸಾಕು. ಭಾರ ಕೆಳಗಿರುವುದರಿಂದ ಉರುಳುವ ಭಯವೂ ಕಡಿಮೆ. ಆದರೆ ಆ ಭಾರ ಕೂರುವುದು ಹಿಂದಿನ ಅಚ್ಚಿನ ಮೇಲೆಯೇ. ನೂರಿಪ್ಪತ್ತು ಕಿಲೋ ನೀರು ಹಿಂದೆ ನೂರಿಪ್ಪತ್ತು ಕೂಡಿಸುತ್ತದೆ, ಮುಂದಿನ ಅಚ್ಚಿನಿಂದ ಒಂದು ಕಿಲೋವನ್ನೂ ಇಳಿಸುವುದಿಲ್ಲ. ಗಾಲಿಗೆ ಬಿಗಿಯುವ ಬೀಡಿನ ಚಕ್ರದ್ದೂ ಇದೇ ಹಣೆಬರಹ.

ಅಚ್ಚಿನ ಹಿಂದೆ ಮೂರು ಕೊಂಡಿಗೆ ನೇತಾಡುವ ಭಾರದ ಗುಣ ಬೇರೆ. 3 ಅಡಿ ಹಿಂದೆ 200 ಕಿಲೋ ಇಟ್ಟರೆ ಹಿಂದಿನ ಅಚ್ಚಿನ ಮೇಲೆ 320 ಕೂಡುತ್ತದೆ, ಮುಂದಿನದರಿಂದ 120 ಇಳಿಯುತ್ತದೆ. 280 ಉಳಿದಿದ್ದಲ್ಲಿ 600, 770 ಇದ್ದಲ್ಲಿ 650. ಮೂಕಿಯ ಮೇಲೆ ಹಿಂದೆ ಮುಂದೆ ಸರಿಯುತ್ತಿದ್ದ ಗಾಡಿಯವನು ಮಾಡುತ್ತಿದ್ದುದು ಇದನ್ನೇ.

ಅದಕ್ಕೆ ಅಂಗಡಿಯಲ್ಲಿ ನಾನು ಮಾಡಿಕೊಡುವುದು ಹೀಗೆ. 200 ಲೀಟರಿನ ಎಣ್ಣೆ ಡ್ರಮ್ಮನ್ನು ಅರ್ಧಕ್ಕೆ ಕೊಯ್ಯುತ್ತೇನೆ. ಕೊಯ್ಯುವ ಮೊದಲು ನೀರು ತುಂಬಿ ತೊಳೆದು ಒಳಗಿನ ಎಣ್ಣೆಯ ಆವಿ ಹೋಗಿಸಬೇಕು, ಇಲ್ಲವಾದರೆ ಡ್ರಮ್ಮು ಸಿಡಿಯುತ್ತದೆ. ಕೆಳಗಿನ ಎರಡು ಕೊಂಡಿಗೆ ಹೊಂದುವಂತೆ ಆರಪಾರ ದಪ್ಪ ಸರಳು ತೂರಿಸಿ, ಮೇಲಿನ ಕೊಂಡಿಗೆ ಪಟ್ಟಿ ಬೆಸೆದು, ಒಳಗೆ ಕಂಬಿಯ ಜಾಳಿಗೆ ಇಟ್ಟು ಕಾಂಕ್ರೀಟ್ ಸುರಿಯುವುದು. ತುದಿತನಕ ತುಂಬಿದರೆ ಸುಮಾರು 240 ಕಿಲೋ, ನಾಲ್ಕು ಬೆರಳು ಬಿಟ್ಟರೆ 200. ಗೋಣಿತಟ್ಟು ಹೊದಿಸಿ ನೀರು ಹಾಕಿ ಗಟ್ಟಿಯಾಗಲು ಬಿಟ್ಟು, ಆಮೇಲೆ ಟ್ರಾಕ್ಟರಿನ ಲಿಫ್ಟ್ ಎಷ್ಟು ಎತ್ತಬಲ್ಲದು ಎಂದು ಪುಸ್ತಕದಲ್ಲಿ ನೋಡಿ ಕೂಡಿಸುತ್ತೇನೆ. ಖರ್ಚು ಬೇಡವೆಂದವರಿಗೆ ಮನೆಯ ರೋಟಾವೇಟರನ್ನೇ ಹಿಂದೆ ಕೂಡಿಸಿಕೊಂಡು ಗೊಬ್ಬರ ಎತ್ತಿ ಎನ್ನುತ್ತೇನೆ, ಅದರ ಭಾರವೂ ಕೆಲಸಕ್ಕೆ ಬರುತ್ತದೆ. ಟ್ರಾಲಿಗೆಂದು ಕೂಡಿಸಿದ ಮುಂದಿನ ಗುಂಡನ್ನು ಮಾತ್ರ ಲೋಡರ್ ಕೂಡಿಸುವ ದಿನ ಬಿಚ್ಚಿಡಲೇಬೇಕು. ಒಂದು ಕೆಲಸಕ್ಕೆ ಕಾವಲಾದ ಭಾರ ಇನ್ನೊಂದಕ್ಕೆ ಶತ್ರು.

ಉಳಿದದ್ದು ಚಾಲಕನ ಕೈಯಲ್ಲಿದೆ. ಬಕೆಟ್ಟನ್ನು ಮೊಳಕಾಲಿಗಿಂತ ಕೆಳಗಿಟ್ಟು ಸಾಗಬೇಕು, ಸುರಿಯುವ ಜಾಗಕ್ಕೆ ಬಂದು ನಿಂತ ಮೇಲೆಯೇ ಎತ್ತಬೇಕು. ತುಂಬಿದ ಬಕೆಟ್ಟಿನೊಂದಿಗೆ ಇಳುಕಲು ಇಳಿಯುವುದಿದ್ದರೆ ರಿವರ್ಸಿನಲ್ಲಿ ಇಳಿಯಬೇಕು, ಭಾರದ ಕಡೆ ಏರಿನತ್ತ ಇರಲಿ. ನಾಲ್ಕೂ ಗಾಲಿಗೆ ಎಳೆತವಿರುವ ಟ್ರಾಕ್ಟರಾದರೆ ಅದನ್ನು ಹಾಕಿಕೊಂಡೇ ಇಳಿಯಬೇಕು. ಆಗ ಹಿಂದಿನ ಬ್ರೇಕಿನ ಹಿಡಿತ ಮುಂಗಾಲಿಗೂ ಮುಟ್ಟುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಹಿಂಗಾಲಿ ಎದ್ದ ಕೂಡಲೇ "ಏ, ಹಿಂದ ಹತ್ತ ನಿಲ್ರೋ" ಎಂದು ಹುಡುಗರನ್ನು ಕೂಗುವುದನ್ನು ನಾನು ಈಗಲೂ ಕೇಳುತ್ತೇನೆ. ಕೂಗುವವರು ಕೆಟ್ಟವರಲ್ಲ, ತಾವೂ ಕುಂಟೆಯ ಮೇಲೆ, ಬಂಪರಿನ ಮೇಲೆ ನಿಂತು ಬೆಳೆದವರು. ಎತ್ತಿನ ಹಿಂದೆ ಬಿದ್ದ ಹುಡುಗನಿಗೆ ಎತ್ತು ನಿಲ್ಲಿಸುವಷ್ಟು ಹೊತ್ತು ಸಿಗುತ್ತಿತ್ತು, ಯಂತ್ರದ ಕೆಳಗೆ ಬಿದ್ದವನಿಗೆ ಸಿಗುವುದಿಲ್ಲ. ಲೋಡರ್ ಮಾರುವವರು ಹಿಂದಿನ ಭಾರವನ್ನೂ ಜೊತೆಗೇ ಕೊಡಬೇಕು, ಕೊಳ್ಳುವವರು ಅದನ್ನು ಕೇಳಿಯೇ ಹಣ ಎಣಿಸಬೇಕು. ಅದೂ ಆಗದಿದ್ದರೆ ಅರ್ಧ ಡ್ರಮ್ಮು, ಒಂದೆರಡು ಚೀಲ ಸಿಮೆಂಟು, ಒಂದು ಸರಳು ಯಾವ ಊರಲ್ಲೂ ಸಿಗುತ್ತವೆ.