ವೋಲ್ವೊ ಬಿ7ಆರ್ ಬಸ್ಸು

ವೋಲ್ವೊ ಬಿ7ಆರ್ ಎಂಬುದು ಸ್ವೀಡನ್ನಿನ ವೋಲ್ವೊ ಕಂಪನಿ ರೂಪಿಸಿದ, ಹಿಂಬದಿಯಲ್ಲಿ ಎಂಜಿನ್ ಇರುವ ಬಸ್ ಚಾಸಿ. ಬೆಂಗಳೂರು–ಕೋಲಾರ ಹೆದ್ದಾರಿಯ ಹೊಸಕೋಟೆ ಸಮೀಪದ ಕಾರ್ಖಾನೆಯ ಮೂಲಕ 2001ರಲ್ಲಿ ಭಾರತದ ರಸ್ತೆಗಿಳಿದ ಇದು, ದೂರಪ್ರಯಾಣದ ಬಸ್ಸನ್ನು ಲಾರಿಯ ನೆರಳಿನಿಂದ ಬಿಡಿಸಿತು.

ಹಿನ್ನೆಲೆ

ವೋಲ್ವೊ 1927ರಲ್ಲಿ ಗೋಥೆನ್‌ಬರ್ಗ್ ನಗರದಲ್ಲಿ ಕಾರು ತಯಾರಿಕೆ ಆರಂಭಿಸಿತು. ಮರುವರ್ಷವೇ ಟ್ರಕ್ಕುಗಳತ್ತ ತಿರುಗಿತು. ಹೊಸಕೋಟೆಯಲ್ಲಿ 1998ರಲ್ಲಿ ಟ್ರಕ್ಕುಗಳ ಜೋಡಣೆ ಮೊದಲಾಯಿತು. ಆಗ ಭಾರತದ ಹೆಚ್ಚಿನ ಬಸ್ಸುಗಳು ಲಾರಿ ಚಾಸಿಯ ಮೇಲೆ ಬಾಡಿ ಕಟ್ಟಿಸಿದಂಥವು. ಚಾಲಕನ ಪಕ್ಕದಲ್ಲೇ ಎಂಜಿನ್ ಇದ್ದುದರಿಂದ ಅದರ ಬಿಸಿಯೂ ಸದ್ದೂ ಒಳಗೆ ತುಂಬುತ್ತಿದ್ದವು. ಭಾರ ಹೊರಲೆಂದೇ ಮಾಡಿದ ಗಡಸು ಪಟ್ಟಿ ಸ್ಪ್ರಿಂಗುಗಳು ರಸ್ತೆಯ ಪ್ರತಿ ಕುಲುಕನ್ನೂ ಆಸನಕ್ಕೆ ಮುಟ್ಟಿಸುತ್ತಿದ್ದವು.

ರಚನೆ

ಬಿ7ಆರ್‌ನ ಎಂಜಿನ್ ಸುಮಾರು 7 ಲೀಟರಿನ, ಟರ್ಬೊ ಅಳವಡಿಸಿದ, ಆರು ಸಿಲಿಂಡರಿನ ಡೀಸೆಲ್ ಯಂತ್ರ. ಅದನ್ನು ಹಿಂಬದಿ ಆಕ್ಸಲ್‌ನ ಆಚೆ ಇರಿಸಿದ್ದರಿಂದ ಸದ್ದು ಬಹುಪಾಲು ಪ್ರಯಾಣಿಕರ ಹಿಂದೆಯೇ ಉಳಿಯುತ್ತದೆ. ಆಸನಗಳ ಕೆಳಗೆ, ಎರಡು ಆಕ್ಸಲ್‌ಗಳ ನಡುವೆ, ಸಾಮಾನಿಗೆ ವಿಶಾಲ ಜಾಗ ಸಿಗುತ್ತದೆ. ಪಟ್ಟಿ ಸ್ಪ್ರಿಂಗುಗಳ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳು ಬಸ್ಸನ್ನು ಹೊರುತ್ತವೆ. ಹೊರೆ ಹೆಚ್ಚಾದಂತೆ ಕವಾಟಗಳು ಈ ಚೀಲಗಳಿಗೆ ಹೆಚ್ಚು ಗಾಳಿ ಬಿಡುವುದರಿಂದ ಬಸ್ಸು ತುಂಬಿದ್ದರೂ ಖಾಲಿಯಿದ್ದರೂ ನೆಲದ ಎತ್ತರ ಒಂದೇ ಇರುತ್ತದೆ. ಶಿರಾಡಿಯಂಥ ಘಾಟಿಗಳ ಇಳಿಜಾರಿನಲ್ಲಿ ರಿಟಾರ್ಡರ್ ಎಂಬ ಸಾಧನ ವೇಗವನ್ನು ಹಿಡಿದಿಡುತ್ತದೆ. ಹಾಗಾಗಿ ಬ್ರೇಕುಗಳು ಕಾದು ಹಿಡಿತ ಕಳೆದುಕೊಳ್ಳುವ ಅಪಾಯ ತಗ್ಗುತ್ತದೆ.

ಕರ್ನಾಟಕದಲ್ಲಿ ಬಳಕೆ

ಸಾಮಾನ್ಯ ಬಸ್ಸಿಗಿಂತ ಹಲವು ಪಟ್ಟು ದುಬಾರಿಯಾದ ಈ ವಾಹನವನ್ನು ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ಸಂಸ್ಥೆ ‘ಐರಾವತ’ ಎಂಬ ಹೆಸರಿನಲ್ಲಿ ಓಡಿಸಿತು. ಕೋಲಾರ, ಮುಳಬಾಗಿಲು ಹಾದು ತಿರುಪತಿಗೆ ಹೋಗುವ ದಾರಿಯಲ್ಲೂ ಐರಾವತಗಳು ಸಂಚರಿಸಿದವು. ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ 2006ರಲ್ಲಿ ಇದೇ ಚಾಸಿಯ ತಗ್ಗು ನೆಲದ ರೂಪವಾದ ಬಿ7ಆರ್‌ಎಲ್‌ಇಯನ್ನು ನಗರ ಸಾರಿಗೆಗೆ ತಂದಿತು. ಮೆಟ್ಟಿಲು ಹತ್ತದೆ ಒಳಹೋಗಬಹುದಾದ ಈ ಬಸ್ಸು ವೃದ್ಧರಿಗೆ ದೊಡ್ಡ ಅನುಕೂಲವಾಯಿತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದಾಗ ‘ವಾಯು ವಜ್ರ’ ಸೇವೆಗೂ ವೋಲ್ವೊ ಬಸ್ಸುಗಳೇ ಬಂದವು. ಅದೇ ವರ್ಷ ಹೊಸಕೋಟೆಯಲ್ಲಿ ಬಸ್ ಬಾಡಿ ಕಾರ್ಖಾನೆಯೂ ಆರಂಭವಾಯಿತು.

2013ರ ಅಕ್ಟೋಬರ್ 30ರಂದು, ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ವೋಲ್ವೊ ಬಸ್ಸೊಂದು ಮಹಬೂಬ್‌ನಗರ ಜಿಲ್ಲೆಯಲ್ಲಿ ಮೋರಿಗೆ ಡಿಕ್ಕಿ ಹೊಡೆದು ಹೊತ್ತಿ ಉರಿಯಿತು. 45 ಮಂದಿ ಸತ್ತರು. ಮುಚ್ಚಿದ ಗಾಜಿನ ಹವಾನಿಯಂತ್ರಿತ ಬಸ್ಸುಗಳಲ್ಲಿ ಪಾರಾಗುವ ದಾರಿ ಎಷ್ಟಿರಬೇಕೆಂಬ ಪ್ರಶ್ನೆಯನ್ನು ಈ ದುರಂತ ಮುಂದಿಟ್ಟಿತು.

ನಂತರದ ಬೆಳವಣಿಗೆ

ಬಿ7ಆರ್ ಬಳಿಕ ಮೂರು ಆಕ್ಸಲ್‌ಗಳ, ಹೆಚ್ಚು ಶಕ್ತಿಯ ಬಿ9ಆರ್ ಮತ್ತು ಬಿ11ಆರ್ ಬಂದವು. ಮತ್ತೊಂದು ಸ್ವೀಡಿಷ್ ಕಂಪನಿ ಸ್ಕೇನಿಯಾ 2013ರಲ್ಲಿ ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ಕಾರ್ಖಾನೆ ತೆರೆದು, ಮೆಟ್ರೊಲಿಂಕ್ ಬಸ್ಸುಗಳ ಮೂಲಕ ಸ್ಪರ್ಧೆಗಿಳಿಯಿತು. ಆದರೆ 2018ರಲ್ಲಿ ಅಲ್ಲಿನ ಬಸ್ ತಯಾರಿಕೆಯನ್ನು ನಿಲ್ಲಿಸಿತು. 2020ರಲ್ಲಿ ವೋಲ್ವೊದ ಭಾರತದ ಬಸ್ ವ್ಯವಹಾರ ವಿಇ ಕಮರ್ಷಿಯಲ್ ವೆಹಿಕಲ್ಸ್ ಕಂಪನಿಯಲ್ಲಿ ಸೇರಿತು. 2023ರಲ್ಲಿ ರಾಜ್ಯ ರಸ್ತೆ ಸಾರಿಗೆ ಸಂಸ್ಥೆ ಆರಂಭಿಸಿದ ‘ಅಂಬಾರಿ ಉತ್ಸವ’ ಸ್ಲೀಪರ್ ಸೇವೆಗೆ 15 ಮೀಟರ್ ಉದ್ದದ ವೋಲ್ವೊ 9600 ಬಸ್ಸು ಬಳಕೆಯಾಗಿದೆ. ಹಿಂಬದಿ ಎಂಜಿನ್ ಮತ್ತು ಗಾಳಿ ಚೀಲಗಳ ವ್ಯವಸ್ಥೆ ಇದರಲ್ಲೂ ಮುಂದುವರಿದಿವೆ.