ಮನೆತನದ ಚರಿತ್ರೆ: ಗ್ರಂಥಾಲಯದಲ್ಲಿ ಮೊದಲ ಹೆಜ್ಜೆ

ಅರಸರ ವಂಶಾವಳಿಗಳನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಕದಂಬರು, ಗಂಗರು, ಹೊಯ್ಸಳರು ಎಂದು ಒಂದೇ ಉಸಿರಿನಲ್ಲಿ ಹೇಳಬಲ್ಲೆವು. ಆದರೆ ನಿಮ್ಮ ಅಜ್ಜಿಯ ತಾಯಿಯ ಹೆಸರೇನು ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಬಹುಮಂದಿ ತಡವರಿಸುತ್ತೇವೆ. ಮೂರು ತಲೆಮಾರಿನ ಆಚೆಗೆ ಸಾಮಾನ್ಯ ಮನೆತನಗಳ ಚರಿತ್ರೆ ಮಸುಕಾಗಿಬಿಡುತ್ತದೆ. ಅದನ್ನು ಅರಸಿ ತೆಗೆಯುವ ಕೆಲಸಕ್ಕೆ ಊರಿನ ಗ್ರಂಥಾಲಯ ಹೇಗೆ ನೆರವಾಗಬಲ್ಲದು ಎಂಬುದನ್ನು ಒಂದು ಉದಾಹರಣೆಯ ಮೂಲಕ ನೋಡೋಣ.

ಮಲೆನಾಡಿನ ಅಂಚಿನ ಒಂದು ಮನೆಯಲ್ಲಿ ವಯಸ್ಸಾದ ಅಜ್ಜಿಯೊಬ್ಬರು, 'ಧಾತು ಈಶ್ವರದ ಬರದಲ್ಲಿ ನಮ್ಮ ಹಿರಿಯರು ಮೂಡಲ ಸೀಮೆ ಬಿಟ್ಟು ಇಲ್ಲಿಗೆ ಬಂದರಂತೆ' ಎನ್ನುತ್ತಾರೆ ಎಂದಿಟ್ಟುಕೊಳ್ಳೋಣ. ಕೇಳಿದವರು ಇದನ್ನು ಕಥೆಯೆಂದು ಬಿಟ್ಟುಬಿಡಬಹುದು. ಆದರೆ ಈ ಒಂದು ವಾಕ್ಯದಲ್ಲಿ ಕಾಲವೂ ಇದೆ, ಸ್ಥಳವೂ ಇದೆ, ಕಾರಣವೂ ಇದೆ. ಮೊದಲು ಮಾಡಬೇಕಾದದ್ದು ಇಷ್ಟೆ: ಅಜ್ಜಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳುವುದು, ಜೊತೆಗೆ ಬರೆದುಕೊಂಡ ದಿನಾಂಕವನ್ನು ಹಾಕುವುದು.

ಇನ್ನು ಕಾಲವನ್ನು ಗೊತ್ತುಮಾಡೋಣ. ನಮ್ಮ ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತವೆ. ಧಾತು ಎಂದರೆ 1816-17 ಆಗಬಹುದು, 1876-77 ಆಗಬಹುದು, 1936-37 ಕೂಡ ಆಗಬಹುದು. ಹಳೆಯ ಪತ್ರಗಳಲ್ಲಿ ಶಕವರ್ಷವೂ ಇದ್ದರೆ ಅದಕ್ಕೆ 78 ಕೂಡಿಸಿದರೆ ಸುಮಾರಾಗಿ ಕ್ರಿಸ್ತಶಕ ಸಿಗುತ್ತದೆ. ಇಲ್ಲಿ ಬರದ ಮಾತು ಇರುವುದರಿಂದ 1876ರಿಂದ 1878ರವರೆಗಿನ ಮಹಾಕ್ಷಾಮವೆಂದು ಊಹಿಸಬಹುದು. ಈ ಊಹೆಯನ್ನು ಪರೀಕ್ಷಿಸಲು ನಾವು ಗ್ರಂಥಾಲಯಕ್ಕೆ ಹೋಗಬೇಕು.

ಜಿಲ್ಲಾ ಕೇಂದ್ರ ಗ್ರಂಥಾಲಯದ ಪರಾಮರ್ಶನ ವಿಭಾಗದಲ್ಲಿ ಗೆಜೆಟಿಯರುಗಳನ್ನು ಕೇಳಿ. ಅಲ್ಲಿ ಸಿಗದಿದ್ದರೆ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ವಿಚಾರಿಸಬಹುದು. ಮೈಸೂರು ಸೀಮೆಗೆ ಬಿ. ಎಲ್. ರೈಸ್ ಅವರು 1897ರಲ್ಲಿ ಪರಿಷ್ಕರಿಸಿದ ಸಂಪುಟಗಳಿವೆ. ಆಮೇಲೆ ಹಯವದನರಾಯರು ಸಂಪಾದಿಸಿದವುಗಳೂ ಇವೆ. ಧಾರವಾಡ, ವಿಜಾಪುರದ ಕಡೆಯವರು 1884ರ ಮುಂಬಯಿ ಗೆಜೆಟಿಯರನ್ನು ನೋಡಬೇಕು. ಜನಗಣತಿಯ ವರದಿಗಳನ್ನೂ ತೆರೆಯಿರಿ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷವನ್ನು ಮೀರಿತ್ತು. 1881ರಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬಯಲುಸೀಮೆಯ ಜಿಲ್ಲೆಗಳಿಗೆ ಬಿದ್ದಷ್ಟು ಪೆಟ್ಟು ಮಲೆನಾಡಿಗೆ ಬೀಳಲಿಲ್ಲ. ಅಂದಮೇಲೆ ಮೂಡಲಿನಿಂದ ಪಡುವಲಿಗೆ ಬಂದರೆಂಬ ಅಜ್ಜಿಯ ಮಾತು ನಂಬಲು ತಕ್ಕದ್ದೇ ಆಗಿದೆ.

ಬಿಟ್ಟುಬಂದ ಊರಿನ ಹೆಸರು ನೆನಪಿನಲ್ಲಿದ್ದರೆ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ತೆಗೆಯಬಹುದು. ಅವುಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು ಕೊಟ್ಟಿದೆ. ಊರಿನ ಹಳೆಯ ಹೆಸರು, ಅಲ್ಲಿನ ಕೆರೆ, ಗುಡಿ, ವೀರಗಲ್ಲುಗಳ ವಿವರ ದೊರೆಯಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಪುಸ್ತಕಗಳು ಹಿರಿಯರು ಬದುಕಿದ ಕಾಲವನ್ನೂ ನೆಲವನ್ನೂ ತೋರಿಸುತ್ತವೆಯೇ ಹೊರತು ಅವರ ಹೆಸರನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಶಾಸನದಲ್ಲಿ ನಮ್ಮ ತಾತನ ಹೆಸರಿನವನೊಬ್ಬ ಕಂಡ ಮಾತ್ರಕ್ಕೆ ಅವನು ನಮ್ಮ ಮೂಲಪುರುಷನಾಗುವುದಿಲ್ಲ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ವಾಡಿಕೆ ನಮ್ಮಲ್ಲಿರುವುದರಿಂದ ಒಂದೇ ಮನೆಯಲ್ಲಿ ಒಂದೇ ಹೆಸರಿನ ಮೂವರು ಇರುವುದುಂಟು. ಹೆಸರಿನ ಜೊತೆಗೆ ತಂದೆಯ ಹೆಸರು, ಊರು, ಕಾಲ ಇವೂ ಹೊಂದಿಕೆಯಾಗಬೇಕು.

ಹೆಸರುಗಳಿಗಾಗಿ ಗ್ರಂಥಾಲಯದಿಂದ ಕಚೇರಿಗಳ ಕಡೆಗೆ ನಡೆಯಬೇಕು. ತಾಲ್ಲೂಕು ಕಚೇರಿಯ ಭೂದಾಖಲೆಗಳಲ್ಲಿ ಜಮೀನು ಯಾರಿಂದ ಯಾರಿಗೆ ಬಂತೆಂಬುದು ತಿಳಿಯುತ್ತದೆ. ಶಾಲೆಯ ದಾಖಲಾತಿ ಪುಸ್ತಕವೂ ಉಪಯುಕ್ತವೇ. ಆದರೆ ಅಲ್ಲಿನ ಜನ್ಮದಿನಾಂಕವನ್ನು ಪೂರ್ತಿ ನಂಬುವಂತಿಲ್ಲ. ಮೇಷ್ಟರು ಅಂದಾಜಿನಿಂದ ಬರೆದ ಜೂನ್ 1 ಎಷ್ಟು ಜನರ ಹುಟ್ಟುಹಬ್ಬವಾಗಿದೆಯೋ! ಉತ್ತರ ಕರ್ನಾಟಕದ ಮನೆತನಗಳಿಗೆ ಇನ್ನೊಂದು ಭಾಗ್ಯವಿದೆ. ಮನೆಮನೆಗೆ ಬಂದು ವಂಶಾವಳಿ ಹೇಳುವ ಹೆಳವರು ಎಷ್ಟೋ ತಲೆಮಾರುಗಳ ಲೆಕ್ಕವನ್ನು ಕಾಯ್ದುಕೊಂಡು ಬಂದಿದ್ದಾರೆ.

ಇಷ್ಟೆಲ್ಲ ಹುಡುಕಿದ ಮೇಲೂ ಒಂದು ಕೊರತೆ ಎದ್ದು ಕಾಣುತ್ತದೆ. ಜಮೀನಿನ ಕಾಗದಗಳಲ್ಲಿ ತಂದೆ, ಮಗ, ಮೊಮ್ಮಗ ಇರುತ್ತಾರೆ. ತಾಯಿ ಮತ್ತು ಮಗಳು ಕಾಣುವುದು ಅಪರೂಪ. ನಾವು ಬರೆದುಕೊಂಡ ವಂಶವೃಕ್ಷದಲ್ಲಿ ಅರ್ಧ ಮನೆತನವೇ ಇಲ್ಲದಂತಾಗುತ್ತದೆ. ಅವರನ್ನು ಹುಡುಕಲು ಮನೆಯ ಟ್ರಂಕನ್ನೇ ತೆರೆಯಬೇಕು. ಹಳೆಯ ಲಗ್ನಪತ್ರಿಕೆಗಳಲ್ಲಿ ವಧುವಿನ ತಂದೆಯ ಹೆಸರೂ ಊರೂ ಇರುತ್ತವೆ. ಮದುವೆಯ ಮುಯ್ಯಿ ಬರೆದಿಟ್ಟ ಪುಸ್ತಕದಲ್ಲಿ ಯಾವ ಊರಿನ ಯಾವ ನೆಂಟರು ಬಂದಿದ್ದರೆಂಬುದು ಸಾಲುಸಾಲಾಗಿ ಸಿಗುತ್ತದೆ. ಆ ಊರುಗಳಲ್ಲಿ ಒಂದು ಅಜ್ಜಿಯ ತವರು, ಇನ್ನೊಂದು ಮುತ್ತಜ್ಜಿಯ ತವರು ಇರಬಹುದು.

ಆದರೆ ಆ ಸಾಲುಗಳನ್ನು ನೋಡಿ 'ಇವರು ನಮ್ಮ ಅವ್ವನ ಅಣ್ಣ' ಎಂದು ಗುರುತಿಸಿ ಹೇಳಬಲ್ಲವರು ಮನೆಯ ಹಿರಿಯರು ಮಾತ್ರ. ಗೆಜೆಟಿಯರು ಹತ್ತು ವರ್ಷ ಕಳೆದರೂ ಅದೇ ಕಪಾಟಿನಲ್ಲಿ ಇರುತ್ತದೆ. ಹಿರಿಯರ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ. ಆದ್ದರಿಂದ ಗ್ರಂಥಾಲಯಕ್ಕೆ ಹೊರಡುವ ಮುನ್ನ, ಈ ಭಾನುವಾರವೇ, ಒಂದು ನೋಟುಪುಸ್ತಕ ಹಿಡಿದು ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಮೊದಲ ಪ್ರಶ್ನೆ ಇದಾಗಿರಲಿ: 'ನಿಮ್ಮ ಅಜ್ಜಿಯ ಹೆಸರೇನು?'